ಸೀಮೆಸುಣ್ಣದ ಹಾದಿಯಲ್ಲಿ ಸೈಕಲ್ಲು

ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದಿಂದ ಕಡಲತಡಿಯ ಈಸ್ಟ್‌ಬೋರ್ನಿನವರೆಗೆ, ಸೌತ್ ಡೌನ್ಸ್ ಗುಡ್ಡಗಳ ಮೇಲೆ ಸುಮಾರು 160 ಕಿಲೋಮೀಟರಿನ ಹಾದಿಯೊಂದು ಏರಿಳಿಯುತ್ತ ಸಾಗುತ್ತದೆ. ನೆಲವೆಲ್ಲ ಸೀಮೆಸುಣ್ಣದ ಕಲ್ಲು. ಬಿಸಿಲಿನಲ್ಲಿ ಕಣ್ಣು ಕೋರೈಸುವ ಬಿಳುಪು, ಮಳೆ ಬಿದ್ದರೆ ಸಾಬೂನಿನ ನುಣುಪು. ಚೂಪಾದ ಚಕಮಕಿ ಕಲ್ಲುಗಳು ಟಯರನ್ನು ಸೀಳುವುದೂ ಉಂಟು. ಆದುದರಿಂದಲೇ ಜಲ್ಲಿದಾರಿಗೆಂದು ರೂಪಿಸಿದ ಅಗಲ ಟಯರಿನ ಸೈಕಲ್ಲು ಇಲ್ಲಿಗೆ ಒಪ್ಪುತ್ತದೆ.

ಇಲ್ಲಿ ನೆಲ ರೈತನದು, ಹಾದಿ ಎಲ್ಲರದು. ನಡೆಯುವವರಿಗೂ ಕುದುರೆ ಸವಾರರಿಗೂ ಮೀಸಲಾಗಿದ್ದ ಇಂಥ ಹಾದಿಗಳಲ್ಲಿ ಸೈಕಲ್ ಸವಾರರಿಗೂ ಹಕ್ಕು ದೊರೆತುದು 1968ರ ಕಾನೂನಿನಿಂದ. ಅದಕ್ಕೊಂದು ಕಟ್ಟಳೆಯೂ ಉಂಟು: ನಡೆದು ಬರುವವರಿಗೂ ಕುದುರೆಯೇರಿ ಬರುವವರಿಗೂ ಸೈಕಲ್ಲಿನವನೇ ದಾರಿ ಬಿಡಬೇಕು. ಇಳಿಜಾರಿನಲ್ಲಿ ರಭಸದಿಂದ ಬರುವ ಸವಾರನು ಕುದುರೆ ಬೆದರದಂತೆ ನಿಲ್ಲುತ್ತಾನೆ. ಕುರಿಗಳು ಹೊರಬೀಳದಂತೆ ಗೇಟನ್ನು ಮುಚ್ಚಿ, ಮುಂದಿನ ದಿಬ್ಬವನ್ನು ಏರತೊಡಗುತ್ತಾನೆ.