ಮಲಗಿದಲ್ಲೇ ಕಾಲ ದಾಟುವವರು

ಕಾಲಯಾನದ ಸಿನಿಮಾ ಎಂದೊಡನೆ ಮಿಣುಕುವ ದೀಪ, ಹೊಗೆ, ಗಡಗಡ ಅಲುಗುವ ಯಂತ್ರ ಕಣ್ಣಮುಂದೆ ಬರುತ್ತದೆ. ಆದರೆ ಇಂಥ ಚಿತ್ರಗಳ ಹುಚ್ಚು ಹಿಡಿದವರು ಕೊನೆಗೆ ಮನಸೋಲುವುದು ಯಂತ್ರವೇ ಇಲ್ಲದವಕ್ಕೆ. ಅಲ್ಲಿ ದೇಹ ಇದ್ದಲ್ಲೇ ಇರುತ್ತದೆ, ಒಳಗಿನವನು ಮಾತ್ರ ಹೊರಟುಬಿಡುತ್ತಾನೆ. ಶಂಕರರು ಅಮರುಕ ರಾಜನ ದೇಹ ಹೊಕ್ಕ ಕಥೆ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ಅದನ್ನು ಪರದೆಯ ಮೇಲೆ ಹೇಗೆ ತೋರಿಸಿದರು ಎಂಬುದರಲ್ಲೇ ಸ್ವಾರಸ್ಯವಿದೆ.

ಸ್ವೀಡನ್ನಿನ ವಿಕ್ಟರ್ ಶೋಸ್ಟ್ರೋಮ್ 1921ರಲ್ಲೇ ‘ದಿ ಫ್ಯಾಂಟಮ್ ಕ್ಯಾರಿಯೇಜ್’ನಲ್ಲಿ ಸ್ಮಶಾನದಲ್ಲಿ ಬಿದ್ದ ಕುಡುಕನ ದೇಹದಿಂದ ಆತ್ಮವನ್ನು ಎಬ್ಬಿಸಿ ನಿಲ್ಲಿಸಿದ್ದ. ಒಮ್ಮೆ ಚಿತ್ರೀಕರಿಸಿದ ರೀಲನ್ನು ಹಿಂದಕ್ಕೆ ಸುತ್ತಿ, ಅದರ ಮೇಲೇ ಮತ್ತೆ ಚಿತ್ರೀಕರಿಸುವ ಉಪಾಯ ಅದು. ಆಗ ಕ್ಯಾಮೆರಾವನ್ನು ಕೈಯಿಂದಲೇ ತಿರುವಬೇಕಿತ್ತು. ವೇಗ ಕೊಂಚ ಏರುಪೇರಾದರೂ ಆತ್ಮಕ್ಕೂ ದೇಹಕ್ಕೂ ತಾಳ ತಪ್ಪುತ್ತಿತ್ತು. ಮೂರು ವರ್ಷಗಳ ನಂತರ ಬಸ್ಟರ್ ಕೀಟನ್ ಇದನ್ನೇ ನಗೆಗೆ ಒಗ್ಗಿಸಿದ. ‘ಶೆರ್ಲಾಕ್ ಜೂನಿಯರ್’ನಲ್ಲಿ ಪ್ರೊಜೆಕ್ಟರ್ ಪಕ್ಕದಲ್ಲೇ ತೂಕಡಿಸುವ ಆಪರೇಟರನ ಪಾರದರ್ಶಕ ರೂಪವೊಂದು ಎದ್ದು, ಪ್ರೇಕ್ಷಕರ ನಡುವೆ ನಡೆದು, ಓಡುತ್ತಿರುವ ಸಿನಿಮಾದೊಳಕ್ಕೇ ಹತ್ತಿಬಿಡುತ್ತದೆ.

1980ರ ‘ಸಮ್‌ವೇರ್ ಇನ್ ಟೈಮ್’ ಇನ್ನೂ ಸರಳ. ಕ್ರಿಸ್ಟೋಫರ್ ರೀವ್ ಹಳೇ ಕಾಲದ ಸೂಟು ತೊಟ್ಟು ಹೋಟೆಲಿನ ಮಂಚದ ಮೇಲೆ ಮಲಗಿ, ‘ಇದು 1912’ ಎಂದು ತನ್ನನ್ನು ತಾನೇ ನಂಬಿಸಿಕೊಳ್ಳುತ್ತಾನೆ. ಮೊದಲು ಫಲಿಸುವುದಿಲ್ಲ. ಹೋಟೆಲಿನ ಹಳೆಯ ರಿಜಿಸ್ಟರಿನಲ್ಲಿ ತನ್ನದೇ ಸಹಿ ಕಂಡ ಮೇಲೆ ಫಲಿಸುತ್ತದೆ! ಹೋದವನನ್ನು ಮರಳಿ ಎಳೆದು ತರುವುದು ಜೇಬಿನಲ್ಲಿ ಉಳಿದುಹೋಗಿದ್ದ 1979ರ ಒಂದು ಪೆನ್ನಿ ನಾಣ್ಯ. ತರ್ಕ ಹುಡುಕುವವರು ಗೊಣಗಲಿ. ಯಾವ ಯಂತ್ರ ಕೆಟ್ಟಾಗಲೂ ನೋಡುಗನ ಎದೆ ಹೀಗೆ ಧಸಕ್ಕೆನ್ನುವುದಿಲ್ಲ.

‘ಡಾಕ್ಟರ್ ಸ್ಟ್ರೇಂಜ್’ನಲ್ಲಿ (2016) ನಾಯಕನ ದೇಹಕ್ಕೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಅವನ ಸೂಕ್ಷ್ಮ ಶರೀರ ಆಸ್ಪತ್ರೆ ತುಂಬ ಹೊಡೆದಾಡುತ್ತದೆ. ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಜನರಿಂದಲೇ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ ಕನ್ನಡದ ‘ಲೂಸಿಯಾ’ (2013) ಹಾಗಲ್ಲ. ಥಿಯೇಟರಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ನಿದ್ದೆಗೆಟ್ಟ ಹುಡುಗ, ಒಂದು ಮಾತ್ರೆ, ಕಪ್ಪು-ಬಿಳುಪಿನ ಇನ್ನೊಂದು ಬದುಕು. ಇಷ್ಟರಲ್ಲೇ ಅದು ನೋಡುಗನನ್ನು ದಿನಗಟ್ಟಲೆ ಕಾಡುತ್ತದೆ.

ಇವೆಲ್ಲಕ್ಕೂ ಮಿಗಿಲಾದದ್ದು ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ತೆಗೆದ ‘ಲಾ ಜೆತೆ’. ಮೂರನೇ ಮಹಾಯುದ್ಧದಲ್ಲಿ ಪ್ಯಾರಿಸ್ ಹಾಳಾಗಿದೆ. ಉಳಿದವರು ನೆಲದಡಿ ಸೇರಿದ್ದಾರೆ. ಒಬ್ಬ ಕೈದಿಯ ಕಣ್ಣಿಗೆ ಪಟ್ಟಿ ಕಟ್ಟಿ, ಚುಚ್ಚುಮದ್ದು ಕೊಟ್ಟು ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಅವನನ್ನೇ ಆರಿಸಿದ್ದೇಕೆ? ಚಿಕ್ಕಂದಿನಲ್ಲಿ ಓರ್ಲಿ ವಿಮಾನ ನಿಲ್ದಾಣದಲ್ಲಿ ಕಂಡ ಹೆಣ್ಣೊಬ್ಬಳ ಮುಖವನ್ನು ಅವನು ಮರೆತಿಲ್ಲ, ಅದಕ್ಕೆ. ನೆನಪೇ ಅಲ್ಲಿ ವಾಹನ. ಇಡೀ ಚಿತ್ರ ಸ್ಥಿರಚಿತ್ರಗಳ ಸರಣಿ. ಚಲಿಸುವುದು ಒಂದೇ ಒಂದು ಕಡೆ. ಮಲಗಿದ ಆ ಹೆಣ್ಣು ಕಣ್ಣು ತೆರೆದು ರೆಪ್ಪೆ ಮಿಟುಕಿಸುತ್ತಾಳೆ. ಕೋಟಿಗಟ್ಟಲೆ ಸುರಿದು ಮಾಡಿದ ಗ್ರಾಫಿಕ್ಸ್ ಆ ರೆಪ್ಪೆಯ ಮುಂದೆ ಮಂಕು.

ಟೆರ್ರಿ ಗಿಲಿಯಮ್ 1995ರಲ್ಲಿ ಇದೇ ಎಳೆ ಹಿಡಿದು ‘12 ಮಂಕೀಸ್’ ಮಾಡಿದ. ಅದೂ ಒಳ್ಳೆಯ ಚಿತ್ರವೇ. ಆದರೆ ಎರಡನ್ನೂ ನೋಡುವ ಮನಸ್ಸಿದ್ದವರು ‘ಲಾ ಜೆತೆ’ಯನ್ನೇ ಮೊದಲು ನೋಡಲಿ, ಅದಕ್ಕೆ ಬೇಕಾದದ್ದು ಬರೀ 28 ನಿಮಿಷ.