ಏರು ದಾರಿಯ ಸಂಜೆ ಓಟ

ಶಹಾಡಿನಲ್ಲಿ ಓಡಲು ಬಾರದವರು ಯಾರೂ ಇಲ್ಲ. ಕಲ್ಯಾಣ ದಾಟಿ ಕಸಾರಾ ಕಡೆಗೆ ಹೊರಟ ಲೋಕಲ್ ಗಾಡಿಗೆ ಮೊದಲ ನಿಲ್ದಾಣ ನಮ್ಮದು. ಕಲ್ಯಾಣದವರೆಗೆ ಬರುವ ಗಾಡಿಗಳೆಲ್ಲ ನಮ್ಮ ಕಡೆಗೆ ಹೊರಳುವುದಿಲ್ಲ. ಒಂದು ತಪ್ಪಿತೆಂದರೆ ಇನ್ನೊಂದರ ದಾರಿ ಕಾಯಬೇಕು. ಆದ್ದರಿಂದ ಹೆಗಲಲ್ಲಿ ಚೀಲ, ಚೀಲದಲ್ಲಿ ಬುತ್ತಿಡಬ್ಬಿ, ಬಾಯಲ್ಲಿ ಅರ್ಧ ಅಗಿದ ಚಪಾತಿ - ಹೀಗೆ ಸೇತುವೆಯ ಮೆಟ್ಟಿಲು ಹಾರುವ ವಿದ್ಯೆ ಇಲ್ಲಿ ಹುಡುಗರಿಂದ ಮುದುಕರವರೆಗೆ ಎಲ್ಲರಿಗೂ ಕರಗತ. ಆದರೆ ಹಿಡಿಯಲು ಗಾಡಿಯಿಲ್ಲದೆ ಸುಮ್ಮನೆ ಓಡುವವನನ್ನು ಕಂಡರೆ ಮಾತ್ರ ಜನಕ್ಕೆ ಅನುಮಾನ. ನಾನು ಚಡ್ಡಿ, ಬೂಟು ತೊಟ್ಟು ಹೊರಬಿದ್ದ ಮೊದಲ ಸಂಜೆ ಕೆಳಗಿನ ಮನೆಯ ಅಜ್ಜಿ, "ಯಾರಿಗೆ ಏನಾತೋ ತಮ್ಮಾ?" ಎಂದು ಗಾಬರಿಯಿಂದ ಕೇಳಿದರು.

ನನ್ನ ಓಟಕ್ಕೆ ಕಾರಣ ಹುರುಪಲ್ಲ, ಒಂದು ಲೆಕ್ಕ. ನಮ್ಮಪ್ಪ ಗೋಕಾಕ ತಾಲೂಕಿನ ಹಳ್ಳಿಯಿಂದ ಒಂದು ಟ್ರಂಕು, ಒಂದು ಕಂಬಳಿ ಹಿಡಿದುಕೊಂಡು ಈ ಕಡೆಗೆ ಬಂದವರು. ಕಾರ್ಖಾನೆಯ ಪಾಳಿಯಲ್ಲಿ ಆಯುಷ್ಯ ಸವೆಸಿದರು. 54ನೆಯ ವಯಸ್ಸಿನಲ್ಲಿ, ಒಂದು ಮಳೆಗಾಲದ ದಿನ, ಮನೆಯ ಮೆಟ್ಟಿಲು ಏರುವಾಗ ಎದೆ ಹಿಡಿದುಕೊಂಡು ಕುಳಿತರು, ಮತ್ತೆ ಏಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರಾದರೂ ಮೆಟ್ಟಿಲೇರಿ ಏದುಸಿರು ಬಿಟ್ಟರೆ ಉಳಿದವರೆಲ್ಲ ಮಾತು ನಿಲ್ಲಿಸಿ ನೋಡುತ್ತಾರೆ. ನನಗೆ ಈ ವರ್ಷ 54 ತುಂಬಿತು. ಆ ಅಂಕೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇದ್ದುದರಿಂದಲೇ ಅದು ದೊಡ್ಡದಾಗಿ ಕೇಳಿಸುತ್ತಿತ್ತು.

ವೈದ್ಯರು ಯಂತ್ರದ ಪಟ್ಟಿಯ ಮೇಲೆ ನಡೆಸಿ, ಓಡಿಸಿ, ಎದೆಯ ಬಡಿತದ ನಕ್ಷೆ ತೆಗೆದು ನೋಡಿದರು. "ಹೃದಯಕ್ಕೆ ಸದ್ಯ ಏನೂ ಆಗಿಲ್ಲ. ರಕ್ತದಲ್ಲಿ ಸಕ್ಕರೆ ತುಸು ಹೆಚ್ಚು. ಕುಳಿತಿರಬೇಡಿ, ಓಡಿ. ಆದರೆ ಓಡುತ್ತಲೇ ಒಂದು ಪೂರ್ತಿ ಮಾತು ಆಡಲು ಬರುತ್ತಿರಬೇಕು. ಮಾತು ತುಂಡಾದರೆ ನಡೆಯಿರಿ. ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ," ಎಂದರು. ಓಡುವಾಗ ಯಾರ ಜೊತೆ ಮಾತಾಡುವುದು? ನಾನು ಹದಿಮೂರರ ಮಗ್ಗಿ ಹೇಳಿಕೊಳ್ಳತೊಡಗಿದೆ. ಹದಿಮೂರರ ಮಗ್ಗಿ ಸುಳ್ಳು ಹೇಳುವುದಿಲ್ಲ. ದಮ್ಮು ಕಡಿಮೆಯಾದ ಕೂಡಲೆ ತಡವರಿಸುತ್ತದೆ.

ಅಭ್ಯಾಸಕ್ಕೆ ಶಹಾಡಿನಲ್ಲಿ ಗುಡ್ಡ ಎಲ್ಲಿದೆ? ಉಲ್ಹಾಸ ನದಿಯ ಬಯಲು ಇದು. ನಮಗಿರುವ ಏರೆಂದರೆ ಮುರಬಾಡ್ ರಸ್ತೆಯಲ್ಲಿ ರೈಲುಹಳಿ ದಾಟಿಸುವ ಮೇಲ್ಸೇತುವೆ. ಲಾರಿ, ರಿಕ್ಷಾಗಳ ಹೊಗೆ ಕುಡಿಯುತ್ತ ಆರು ತಿಂಗಳು ಅದನ್ನೇ ಹತ್ತಿ ಇಳಿದೆ. ಅಷ್ಟರಲ್ಲಿ ಮಗಳು ಒಂದು ದಿನ, ಮುರಬಾಡ್ ಕಡೆಯ ಗುಡ್ಡದ ದಾರಿಯಲ್ಲಿ ಊರ ಹುಡುಗರು ಸಂಜೆಯ ಓಟ ಇಟ್ಟಿದ್ದಾರೆಂದೂ, ತನ್ನ ಹೆಸರಿನ ಜೊತೆ ನನ್ನದನ್ನೂ ಬರೆಸಿದ್ದಾಳೆಂದೂ ಹೇಳಿದಳು. ಮೂರು ಕಿಲೋಮೀಟರು ಏರು, ಮೂರು ಕಿಲೋಮೀಟರು ಇಳಿವು. ಏರಿನ ಎತ್ತರ ಸುಮಾರು 150 ಮೀಟರು.

ಮನೆಯಾಕೆ ಕುಕ್ಕರಿನ ಮುಚ್ಚಳ ಕೈಯಲ್ಲೇ ಹಿಡಿದು ಹೊರಗೆ ಬಂದಳು. "ನಮ್ಮ ಮಂದಿ ಎಂದರೆ ಹಿಂಗ ಓಡ್ಯಾರೇನ್ರಿ?"

ನಾನು ಬಿಡಲಿಲ್ಲ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಓಡಿದ್ದರು. ಭಾರತದ ಆ ತಂಡ ಹೊರಡಲು ನೆರವಾದವರು ಸರ್ ದೊರಾಬ್ಜಿ ಟಾಟಾ. ಇಂದಿನ ಮ್ಯಾರಥಾನಿನ ದೂರ 42.195 ಕಿಲೋಮೀಟರಾದರೆ ಅಂದಿನದು 42.75, ಒಲಿಂಪಿಕ್ಸಿನ ಮ್ಯಾರಥಾನುಗಳಲ್ಲೆಲ್ಲ ಅದೇ ಉದ್ದನೆಯದು. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಗೆದ್ದ ಆ ಓಟದಲ್ಲಿ ಚೌಗುಲೆಯವರು 2 ಗಂಟೆ 50 ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಇಷ್ಟನ್ನೂ ಹೇಳಿ ಮುಗಿಸಿದೆ.

"ಅವರಿಗೇನು 54 ಆಗಿತ್ತೇನ್ರಿ?" ಎಂದಳು ಆಕೆ.

ಅಂಕೆ ಅಂದು ಮೊದಲ ಸಲ ಬಾಯಿಂದ ಹೊರಗೆ ಬಿದ್ದಿತ್ತು. ಸ್ವಲ್ಪ ಹೊತ್ತು ಕಳೆದು ಆಕೆಯೇ, "ನಾನೂ ಬರ್ತೀನಿ. ಕೆಳಗ ಕೂತಿರ್ತೀನಿ," ಎಂದಳು.

ಮಳೆಗಾಲ ಮುಗಿದ ಮೇಲಿನ ಒಂದು ಶನಿವಾರ, ಸಂಜೆ 5 ಗಂಟೆಗೆ ಸೀಟಿ ಊದಿದರು. ನೂರರಷ್ಟು ಜನ, ಮುಕ್ಕಾಲು ಪಾಲು ಮಕ್ಕಳ ವಯಸ್ಸಿನವರು. ಬೆಳಗಿನ ಓಟದಲ್ಲಿ ನೆಲ ತಂಪಾಗಿರುತ್ತದೆ. ಸಂಜೆಯ ಓಟದಲ್ಲಿ ಹಗಲೆಲ್ಲ ಕಾದ ಕಲ್ಲು ಕೆಳಗಿನಿಂದ ಬೇಯಿಸುತ್ತದೆ. ಒಣಗತೊಡಗಿದ ಹುಲ್ಲಿನ ವಾಸನೆ, ದನ ಹೊಡೆದುಕೊಂಡು ಮನೆಗೆ ಹೊರಟ ಹುಡುಗರು - ಇದೆಲ್ಲ ಊರನ್ನು ನೆನಪಿಸಿತು. ಮಗಳು, "ಅಪ್ಪಾ, ನೀ ಸಾವಕಾಶ ಬಾ," ಎಂದು ಹೇಳಿ ತಿರುವಿನಲ್ಲಿ ಕಣ್ಮರೆಯಾದಳು.

ಮೊದಲ ಕಿಲೋಮೀಟರು ಮಗ್ಗಿ ಸರಾಗವಾಗಿ ಹರಿಯಿತು. ಎರಡನೆಯದರಲ್ಲಿ ದಾರಿ ಕಡಿದಾಯಿತು. ಹದಿಮೂರೇಳಲೆ ತೊಂಬತ್ತೊಂದು ಎಂಬಲ್ಲಿ ತೊಂಬತ್ತು ಹೊರಬಂತು, ಒಂದು ಬರಲಿಲ್ಲ. ಎದೆಯ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಅಪ್ಪ ಕುಳಿತ ಮೆಟ್ಟಿಲು ಕಣ್ಣಿಗೆ ಕಟ್ಟಿತು. ಇದು ದಣಿವೋ, ಅದೋ? ದಣಿವಿಗೂ ಭಯಕ್ಕೂ ಬಡಿತ ಒಂದೇ ತೆರನಾದದ್ದು. ಹೊರಗಿನಿಂದ ಗುರುತು ಹತ್ತುವುದಿಲ್ಲ. ನಾನು ವೈದ್ಯರ ಮಾತಿನಂತೆ ನಡೆದೆ. ನೋವಿಲ್ಲ, ತಲೆಸುತ್ತಿಲ್ಲ. ಇನ್ನೂರು ಹೆಜ್ಜೆಯಲ್ಲಿ ತೊಂಬತ್ತೊಂದು ಪೂರ್ತಿಯಾಗಿ ಬಂತು. ಆಗ ಗೊತ್ತಾಯಿತು: ದಣಿವು ನಡೆದರೆ ಇಳಿಯುತ್ತದೆ.

ಏರಿನಲ್ಲಿ ನಡೆಯುವುದು ಅವಮಾನವೇನೂ ಅಲ್ಲ. ತೀರ ಕಡಿದಾದಲ್ಲಿ ಬೆಟ್ಟದ ಓಟದ ಪಳಗಿದ ಕಾಲುಗಳೂ ನಡೆಯುತ್ತವೆ. ಅಲ್ಲಿ ಓಡಿದರೆ ಖರ್ಚಾಗುವ ಶಕ್ತಿ ಹೆಚ್ಚು, ಗಳಿಸುವ ಹೊತ್ತು ಕಡಿಮೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬವರು 1892ರಲ್ಲಿ ಬೆಟ್ಟ ಹತ್ತುವವರಿಗೆ ಒಂದು ಲೆಕ್ಕ ಹಾಕಿಕೊಟ್ಟರು. ಅದನ್ನು ನಮ್ಮ ಅಳತೆಗೆ ತಂದರೆ, ಗಂಟೆಗೆ ಐದು ಕಿಲೋಮೀಟರಿನ ನಡಿಗೆ, ಅದರ ಮೇಲೆ ಪ್ರತಿ ಹತ್ತು ಮೀಟರು ಏರಿಗೆ ಒಂದು ನಿಮಿಷ ಹೆಚ್ಚು. ಹಾಗೆ ನೋಡಿದರೆ ನಮ್ಮ ಗುಡ್ಡದ ತುದಿಗೆ ನಡೆದು ಹೋಗುವವನಿಗೆ 51 ನಿಮಿಷ ಬೇಕು. ನಾನು ಓಡಿ, ನಡೆದು, ಮಗ್ಗಿ ಹೇಳಿ 31 ನಿಮಿಷಕ್ಕೆ ಮುಟ್ಟಿದೆ. ಅರ್ಧ ದಾರಿಯಲ್ಲೇ ಇಳಿದು ಬರುತ್ತಿದ್ದ ಮಗಳು ಎದುರಾಗಿ, ನಿಲ್ಲದೆ, ನನ್ನ ಮುಖವನ್ನಷ್ಟು ನೋಡಿ ಹೋಗಿದ್ದಳು. ಅವಳು ನೋಡಿದ್ದು ಏನನ್ನೆಂದು ನನಗೆ ಗೊತ್ತು.

ಇಳಿಯುವುದು ಸುಲಭವೆಂದು ತಿಳಿಯಬೇಡಿ. ಏರು ಉಸಿರನ್ನು ಕೇಳಿದರೆ ಇಳಿವು ತೊಡೆಯನ್ನು ಕೇಳುತ್ತದೆ. ಹೆಜ್ಜೆಹೆಜ್ಜೆಗೂ ಮೈಭಾರ ತಡೆಯುವ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದುಡಿಯಬೇಕು. ಅದರ ನೋವು ತಿಳಿಯುವುದು ಎರಡನೆಯ ದಿನ. ಬೆಳಕು ಬೇರೆ ಇಳಿಯುತ್ತಿತ್ತು. ಸಣ್ಣ ಹೆಜ್ಜೆಯಿಡುತ್ತ, ಕಲ್ಲು ನೋಡುತ್ತ, 21 ನಿಮಿಷದಲ್ಲಿ ಕೆಳಗೆ ಬಂದೆ. ನನ್ನ ಹಿಂದೆ ಉಳಿದವರು ಏಳೋ ಎಂಟೋ ಜನ. ಮನೆಯಾಕೆ ಎದ್ದು ನಿಂತಿದ್ದಳು. ಬಾಟಲಿಯ ಮಜ್ಜಿಗೆ ಕೊಡುವ ಮೊದಲು ನನ್ನ ಮುಂಗೈ ಹಿಡಿದುಕೊಂಡಳು. ನಾಡಿ ನೋಡುತ್ತಿದ್ದಳೋ, ಸುಮ್ಮನೆ ಹಿಡಿದಿದ್ದಳೋ ಕೇಳಲಿಲ್ಲ.

ಅಂದಿನಿಂದ ಒಂದು ಮಾತು ಮನಸ್ಸಿನಲ್ಲಿದೆ. ಕಾರ್ಖಾನೆಯ ಪಾಳಿಯಲ್ಲಿ, ಹೋಟೆಲಿನ ಅಡಿಗೆಮನೆಯಲ್ಲಿ ದುಡಿದ ನಮ್ಮ ಹಿರಿಯರಿಗೆ ಸಂಜೆ ಎಂಬುದೇ ಇರಲಿಲ್ಲ. ಹಗಲು ಮುಗಿದರೆ ರಾತ್ರಿಯ ಕೆಲಸ. ಮೈಯ ಮಾತು ಕೇಳಲು ಪುರಸೊತ್ತೆಲ್ಲಿ? ಅವರು ಉಳಿಸಿಕೊಟ್ಟ ಸಂಜೆಗಳು ಈಗ ನಮ್ಮ ಪಾಲಿಗೆ ಬಂದಿವೆ. ನಾವು ಅವನ್ನು ಟೀವಿಯ ಮುಂದೆ ಕಳೆಯುತ್ತೇವೆ. ಎಲ್ಲರೂ ಗುಡ್ಡಕ್ಕೆ ಓಡಬೇಕೆಂದು ನಾನು ಹೇಳುವುದಿಲ್ಲ. ವೈದ್ಯರನ್ನು ಒಮ್ಮೆ ಕಂಡು ಬನ್ನಿ. ಆಮೇಲೆ ಬೀದಿಯ ಕೊನೆಯವರೆಗಾದರೂ ಹೋಗಿ ಬನ್ನಿ. ಜೊತೆಗೆ ಯಾರೂ ಸಿಗದಿದ್ದರೆ ಚಿಂತೆಯಿಲ್ಲ. ಹದಿಮೂರರ ಮಗ್ಗಿ ಒಳ್ಳೆಯ ಸಂಗಾತಿ.