ಸವೆದ ಮುದ್ರೆಯ ಸಾಕ್ಷಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವೃದ್ಧರೊಬ್ಬರು ಮರದ ಹಳೆಯ ಯೋ-ಯೋಗಳನ್ನು ಸಂಗ್ರಹಿಸುತ್ತಿದ್ದರು. ದಾರದ ತುದಿಯಲ್ಲಿ ಇಳಿದು, ತಿರುಗಿ ಕೈಗೇರುವ ಈ ಆಟಿಕೆಯ ಕಾಲನಿರ್ಣಯದಲ್ಲಿ ಅವರು ನುರಿತವರು.

ಒಂದು ದಿನ ಕೊಳ್ಳಲು ಬಂದ ಯುವಕನು ಕೆಂಪು ಬಣ್ಣದ ಒಂದನ್ನೆತ್ತಿ, "ಇದು ಪೆಡ್ರೋ ಫ್ಲೋರೆಸ್ ಅವರ ಕಾಲದ್ದಲ್ಲವೇ?" ಎಂದು ಆಸೆಯಿಂದ ಕೇಳಿದನು. ಫಿಲಿಪ್ಪೀನ್ಸ್‌ನಿಂದ ವಲಸೆ ಬಂದ ಫ್ಲೋರೆಸ್, 1928ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾದಲ್ಲಿ ಯೋ-ಯೋ ತಯಾರಿಕೆಯನ್ನು ಆರಂಭಿಸಿದವರು. ಅವರ ಮುದ್ರೆಯುಳ್ಳವು ವಿರಳ. ಆದುದರಿಂದಲೇ ಬೆಲೆಯೂ ಅಧಿಕ.

ವೃದ್ಧರು 'ಹೌದು' ಎಂದಿದ್ದರೆ ಸಾಕಿತ್ತು, ಸುಮ್ಮನಿದ್ದರೂ ಸಾಕಿತ್ತು. ಮುದ್ರೆಯ ಹೊನ್ನಬಣ್ಣ ಆಡಿದ ಕೈಗಳ ಉಜ್ಜಿಗೆ ಅಳಿದುಹೋಗಿತ್ತು. ಆದರೆ ಅವರು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಮರದ ಮೇಲೆ ಒತ್ತಿದ ಅಕ್ಷರಗಳ ಗುರುತು ಇನ್ನೂ ಉಳಿದಿತ್ತು: 'ಡಂಕನ್'. ಫ್ಲೋರೆಸ್ ಅವರ ಉದ್ಯಮವನ್ನು ಕೊಂಡ ಡೊನಾಲ್ಡ್ ಡಂಕನ್ ಅವರ ಸಂಸ್ಥೆಯದು ಅದು. ಆ ಸಂಸ್ಥೆಯು 1946ರಲ್ಲಿ ಅದೇ ರಾಜ್ಯದ ಲಕ್ ಎಂಬ ಊರಿನಲ್ಲಿ ಕಾರ್ಖಾನೆ ತೆರೆದು, ಮೇಪಲ್ ಮರದಿಂದ ಇಂಥವನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿತ್ತು.

ಯುವಕನು ಅದನ್ನು ಕೆಳಗಿಟ್ಟು ಬರಿಗೈಯಲ್ಲಿ ಹೊರಟುಹೋದನು. ವೃದ್ಧರಿಗೆ ಆ ತಿಂಗಳು ಹಣದ ಅಗತ್ಯವಿತ್ತು. ಆದರೂ ಒಂದು ಚೀಟಿಯಲ್ಲಿ, "ಡಂಕನ್, ಮುದ್ರೆ ಸವೆದಿದೆ" ಎಂದು ಬರೆದು ಅದಕ್ಕೆ ಕಟ್ಟಿದರು.

ಸುಳ್ಳಾಡದಿರುವುದು ಸತ್ಯದ ಅರ್ಧ ಮಾತ್ರ. ಅರಿಯದವನ ಆಸೆ ತನಗೆ ಲಾಭವಾಗಿ ಒದಗಿದಾಗ, ಬಲ್ಲವನು ಬಾಯಿ ತೆರೆಯುವುದು ಉಳಿದರ್ಧ.